ರೈಲು ವಲಯದ ಖೊ ಖೊ

ನಾನು ಕ್ರೀಡಾ ಸಮಿತಿಯ ಸಂಚಾಲಕಿಯಾದದ್ದು ಒಂದು ದಿನ ರಜೆ ಹಾಕಿದ ತಪ್ಪಿಗೆ. ತೊಂಬತ್ತರ ದಶಕದ ನಡುವಿನ ವರ್ಷಗಳು. ಅರಸೀಕೆರೆಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡಿಕೊಂಡು ನೆಮ್ಮದಿಯಾಗಿದ್ದೆ. ನಮ್ಮ ದೈಹಿಕ ಶಿಕ್ಷಣದ ಮೇಷ್ಟ್ರಿಗೆ ವರ್ಗವಾಯಿತು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಆ ಕೆಲಸವನ್ನು ಯಾರ ಕೊರಳಿಗೆ ಕಟ್ಟುವುದೆಂದು ಪ್ರಾಂಶುಪಾಲರು ಸಭೆ ಕರೆದ ದಿನವೇ ನನಗೆ ಹಲ್ಲುನೋವು. ಸಭೆಗೆ ಹೋದವರಿಗೆಲ್ಲ ಅಲ್ಲೇ ಮೊಣಕಾಲು ಹಿಡಿಯಿತಂತೆ, ಸೊಂಟ ಹಿಡಿಯಿತಂತೆ, ಒಬ್ಬರಿಗೆ ಬಿ.ಪಿ. ಏರಿತಂತೆ. ಬರೀ ಹಲ್ಲುನೋವಿನವಳು ನಾನೊಬ್ಬಳೇ ಉಳಿದೆ. ಮರುದಿನ ಊದಿದ ದವಡೆ ಹೊತ್ತುಕೊಂಡು ಹೋದರೆ ಮೇಜಿನ ಮೇಲೆ ಒಂದು ವಿಷಲ್, ಸ್ಟೋರ್ ರೂಮಿನ ಬೀಗದ ಕೈ ಮತ್ತು ಆದೇಶದ ಪ್ರತಿ ಕಾಯುತ್ತಿದ್ದವು.

ನಮ್ಮ ಕಾಲೇಜಿನ ಹೆಣ್ಣುಮಕ್ಕಳ ಖೊ ಖೊ ತಂಡ ಚೆನ್ನಾಗಿತ್ತು. ಆ ಆಟವನ್ನು ಮೊದಲ ಸಲ ಗಮನವಿಟ್ಟು ನೋಡಿದಾಗ ನನಗೆ ನೆನಪಾದದ್ದು ನಮ್ಮ ಕಾಲೇಜಿನ ಕಚೇರಿ. ಎಂಟು ಜನ ಸಾಲಾಗಿ ಕೂತಿರುತ್ತಾರೆ, ಒಬ್ಬರು ಓಡಾಡುತ್ತಾರೆ. ಕೂತವರಲ್ಲಿ ಒಬ್ಬರ ಮುಖ ಆ ಕಡೆ, ಇನ್ನೊಬ್ಬರ ಮುಖ ಈ ಕಡೆ. ಬೆನ್ನಿಗೆ ಒಂದು ಬೀಳುವವರೆಗೆ ಯಾರೂ ಏಳುವುದಿಲ್ಲ. ಇಷ್ಟು ಅರ್ಥವಾದ ಮೇಲೆ ಉಳಿದದ್ದನ್ನು ತಿಳಿಯುವ ಗೋಜಿಗೆ ನಾನು ಹೋಗಲಿಲ್ಲ. ಅಂಪೈರ್ ವಿಷಲ್ ಊದಿದರೆ ಏನೋ ಆಯಿತು, ಊದದಿದ್ದರೆ ಏನೂ ಆಗಲಿಲ್ಲ.

ನನ್ನ ಈ ಅಜ್ಞಾನವನ್ನು ಮೊದಲು ಪತ್ತೆಹಚ್ಚಿದವಳು ತಂಡದ ಕ್ಯಾಪ್ಟನ್. ಹತ್ತಿರದ ಗಂಡಸಿ ಎಂಬ ಊರಿನ ಕಡೆಯ ತೆಂಗಿನ ತೋಟದ ಹುಡುಗಿ, ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಬರುತ್ತಿದ್ದಳು. ಅವಳು ಮೊದಲ ಬಿ.ಎ.ಯಲ್ಲಿದ್ದಾಗಲೇ ಒಂದು ದಿನ ಸ್ಟಾಫ್ ರೂಮಿಗೆ ಬಂದು, ರಟ್ಟು ಹರಿದ ತೆಳ್ಳನೆಯ ಪುಸ್ತಕವೊಂದನ್ನು ನನ್ನ ಮುಂದಿಟ್ಟಳು. ಖೊ ಖೊ ನಿಯಮಗಳ ಪುಸ್ತಕ.

"ಇದನ್ನ ಒಂಚೂರು ಓದ್ಕಳಿ ಮೇಡಂ. ನೆನ್ನೆ ನಾವು ಔಟಾದಾಗ ನೀವು ಚಪ್ಪಾಳೆ ತಟ್ಟಿದ್ರಿ."

ಪುಸ್ತಕವನ್ನು ಡ್ರಾಯರಿಗೆ ಹಾಕಿದೆ. ಎರಡು ವರ್ಷ ಅದು ಅಲ್ಲೇ ಇತ್ತು, ಉತ್ತರ ಪತ್ರಿಕೆಗಳ ಕೆಳಗೆ.

ಆ ಹುಡುಗಿಗೆ ಇದ್ದದ್ದು ಒಂದೇ ಆಸೆ: ಬೇಲೂರಿನ ಕಾಲೇಜನ್ನು ಒಂದು ಸಲ ಸೋಲಿಸಬೇಕು. ರಾಜ್ಯಮಟ್ಟ, ಮೆಡಲು, ಪೇಪರಿನಲ್ಲಿ ಫೋಟೊ, ಯಾವುದೂ ಅವಳಿಗೆ ಬೇಕಿರಲಿಲ್ಲ. ಬೇಲೂರಿನವರಿಗೂ ನಮ್ಮವರಿಗೂ ಯಾವ ಕಾಲದ ಹಗೆಯೋ, ಇತಿಹಾಸದವಳಾದ ನನಗೂ ಮೂಲ ಸಿಕ್ಕಿಲ್ಲ. ಅವರ ಲೆಕ್ಕದಲ್ಲಿ ಅರಸೀಕೆರೆ ಊರೇ ಅಲ್ಲ, ಬೇರೆ ಊರಿಗೆ ಹೋಗುವವರು ರೈಲಿನಿಂದ ಇಳಿದು ಕಾಫಿ ಕುಡಿಯುವ ಜಾಗ. ನಮ್ಮವರ ಲೆಕ್ಕದಲ್ಲಿ ಬೇಲೂರಿನವರು ಯಾರೋ ನೂರಾರು ವರ್ಷದ ಹಿಂದೆ ಮಾಡಿಟ್ಟ ಕೆಲಸ ತೋರಿಸಿಕೊಂಡು ಇವತ್ತಿಗೂ ಮೀಸೆ ತಿರುವುವವರು. ನಮ್ಮದು ಕೊಬ್ಬರಿ ವ್ಯಾಪಾರದ ಊರಾದ್ದರಿಂದ ಪಂದ್ಯದ ದಿನ ಅವರು "ಕೊಬ್ಬರಿ ಮೂಟೆ, ಏಳೇ ಮೇಲೆ!" ಎಂದು ಕೂಗುತ್ತಿದ್ದರು. ನಮ್ಮವರು "ಕಲ್ಲಿನ ಬೊಂಬೆ, ಅಲ್ಲಾಡೇ ನೋಡಣ!" ಎನ್ನುತ್ತಿದ್ದರು. ಕಷ್ಟವೆಂದರೆ ಬೊಂಬೆಗಳು ಅಲ್ಲಾಡುತ್ತಿದ್ದವು. ಎಷ್ಟು ಚೆನ್ನಾಗಿ ಅಲ್ಲಾಡುತ್ತಿದ್ದವೆಂದರೆ ಎರಡು ವರ್ಷವೂ ವಲಯದ ಫೈನಲ್ಲಿನಲ್ಲಿ ನಮ್ಮವರು ಅವರ ಮುಂದೆಯೇ ಸೋತರು.

ಎರಡನೆಯ ಸಲ ಸೋತು ಬರುವಾಗ ಅವಳು ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದಳು. "ಇನ್ನೊಂದು ವರ್ಷ ಐತೆ ಮೇಡಂ," ಎಂದಳು. "ಗಂಡ್ ಹುಡುಗ್ರಾದ್ರೆ ಕಾಲೇಜು ಬಿಟ್ ಮೇಲೂ ಊರಲ್ಲಿ ಕಬಡ್ಡಿ ಆಡ್ಕಂಡಿರ್ತಾರೆ. ನಮ್ಗೆ ಪರೀಕ್ಷೆ ಮುಗಿದ್ ದಿನ ಆಟನೂ ಮುಗೀತು. ಸೀರೆ ಉಟ್ಕಂಡು ಖೊ ಕೊಡೋರುನ್ನ ಎಲ್ಲಾದ್ರೂ ನೋಡಿದೀರಾ?" ನಾನು ನೋಡಿರಲಿಲ್ಲ. ಮುಂದಿನ ವರ್ಷ ಗೆಲ್ಲುತ್ತೀಯ ಬಿಡು ಎಂದೆ, ಬಾಯಿ ಮಾತಿಗೆ.

ಆ ಮುಂದಿನ ವರ್ಷವನ್ನು ಕೈಯಾರೆ ಹಾಳುಮಾಡಿದವಳು ನಾನೇ.

ಹೊಸ ಕಾಲೇಜುಗಳು ಹುಟ್ಟಿಕೊಂಡು ನಮ್ಮ ಕ್ರೀಡಾ ವಲಯ ಬಹಳ ದೊಡ್ಡದಾಗಿದೆ, ಅದನ್ನು ಎರಡಾಗಿ ಒಡೆಯಬೇಕು ಎಂದು ಹಾಸನದಲ್ಲಿ ಸಭೆ ಕರೆದರು. ಹೋದಮೇಲೆ ತಿಳಿಯಿತು, ಎಲ್ಲರಿಗೂ ಬೇಕಾಗಿದ್ದದ್ದು ಒಂದೇ: ಬೇಲೂರು ಇಲ್ಲದ ವಲಯ. ಹಾಗೆಂದು ಬಾಯಿಬಿಟ್ಟು ಹೇಳುವ ಹಾಗಿಲ್ಲವಲ್ಲ. ಒಬ್ಬರು ನಮ್ಮ ಕಡೆಯಿಂದ ರಸ್ತೆ ಸರಿಯಿಲ್ಲ ಎಂದರು. ಇನ್ನೊಬ್ಬರು ನಮ್ಮ ಮಕ್ಕಳಿಗೆ ಆ ಕಡೆ ನೀರು ಒಗ್ಗುವುದಿಲ್ಲ ಎಂದರು. ಮತ್ತೊಬ್ಬರು ತಿರುವಿನ ದಾರಿಯಲ್ಲಿ ತಮ್ಮ ಹುಡುಗಿಯರಿಗೆ ವಾಂತಿಯಾಗುತ್ತದೆ ಎಂದು ಡಾಕ್ಟರ ಚೀಟಿಯನ್ನೇ ತಂದಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳು ಎನ್ನುತ್ತಾರೆ. ಅಲ್ಲಿ ಕೂತವರೆಲ್ಲ ಜಿಲ್ಲೆಯೇ ಡೊಂಕು ಎನ್ನುತ್ತಿದ್ದರು. ಬೇಲೂರಿನ ದೈಹಿಕ ಶಿಕ್ಷಣದ ಮೇಷ್ಟ್ರು ಮಾತ್ರ, ಆಗಲೇ ನಿವೃತ್ತಿಗೆ ಹತ್ತಿರವಾಗಿದ್ದ ಮನುಷ್ಯ, ಮೂಲೆಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡು ಮುಗುಳ್ನಗುತ್ತಿದ್ದರು.

ಮಧ್ಯಾಹ್ನ ಎರಡೂವರೆಯಾಯಿತು. ಪಕ್ಕದ ಕೋಣೆಯಿಂದ ವಾಂಗೀಬಾತಿನ ವಾಸನೆ ಬರುತ್ತಿತ್ತು. ಹಸಿವಾದರೆ ನನ್ನ ನಾಲಗೆಗೆ ಲಗಾಮಿರುವುದಿಲ್ಲ, ಮನೆಯಲ್ಲಿ ಎಲ್ಲರಿಗೂ ಗೊತ್ತು. ಎದ್ದು ನಿಂತೆ. "ಇಷ್ಟೆಲ್ಲ ಯಾಕೆ ಸಾರ್? ರೈಲಿರೋ ಊರುಗಳದ್ದೆಲ್ಲ ಒಂದು ವಲಯ ಮಾಡಿ, ರೈಲಿಲ್ಲದೋರದ್ದು ಇನ್ನೊಂದು ಮಾಡಿ. ಸ್ಟೇಷನ್ ಮಾಸ್ಟರನ್ನೇ ಕರೆಸಿ ಅಂಪೈರ್ ಮಾಡಿಬಿಡಿ!"

ಯಾರೂ ನಗಲಿಲ್ಲ. ಆಮೇಲೆ ಅಧ್ಯಕ್ಷರು ಕನ್ನಡಕ ತೆಗೆದು, "ಮೇಡಂ ಹೇಳೋದರಲ್ಲಿ ಒಂದು ತರ್ಕ ಇದೆ," ಎಂದರು. ಗುಮಾಸ್ತರು ಬರೆಯತೊಡಗಿದರು. ನಾನು ಅದು ಕುಹಕ ಸಾರ್, ಸಲಹೆ ಅಲ್ಲ ಎಂದು ಹೇಳುವಷ್ಟರಲ್ಲಿ ಚಪ್ಪಾಳೆ ಬಿತ್ತು. ಬೇಲೂರಿಗೆ ರೈಲಿಲ್ಲ ಎಂಬುದು ರೈಲಿದ್ದ ಊರಿನವರಿಗೆಲ್ಲ ಒಟ್ಟಿಗೇ ಹೊಳೆದಿತ್ತು. ಹಾಸನದ ಕಾಲೇಜುಗಳವರು ತಮಗೆ ರೈಲೂ ಇದೆ ಬಸ್ಸೂ ಇದೆ ಎಂದು ವಾದಿಸಿ ತಮ್ಮದೇ ಒಂದು ನಗರ ವಲಯವನ್ನು ಪಡೆದುಕೊಂಡರು. ಎರಡಾಗಬೇಕಿದ್ದದ್ದು ಹೀಗೆ ಮೂರಾಯಿತು. ನಡಾವಳಿಯಲ್ಲಿ ನನ್ನ ಹೆಸರು ಸೂಚಕರ ಜಾಗದಲ್ಲಿ ಬಂತು, ಸರ್ವಾನುಮತ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ವಾಂಗೀಬಾತನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ನಮ್ಮ ಪ್ರಾಂಶುಪಾಲರು ಮಾತ್ರ ಕುಣಿದಾಡಿದರು. "ಹತ್ತು ವರ್ಷದಿಂದ ನಮ್ಮ ಕೈಲಾಗದ್ದನ್ನ ಒಂದೇ ಮಾತಲ್ಲಿ ಮಾಡಿಬಿಟ್ಟಿರಲ್ಲ ಮೇಡಂ. ಬೇಲೂರೋರ ಕಾಟ ತಪ್ಪಿತು!"

ಕ್ಯಾಪ್ಟನ್‌ಗೆ ನಾನೇ ಹೇಳಿದೆ. ಅವಳು ಕೋಪಿಸಿಕೊಳ್ಳಲಿಲ್ಲ, ಅತ್ತಿದ್ದರೂ ನನಗೆ ಸಮಾಧಾನವಾಗುತ್ತಿತ್ತು. "ಅಂಗಾರೆ ಈ ವರ್ಷ ಅವ್ರು ನಮ್ ಮುಂದೆ ಬರದೇ ಇಲ್ವಾ?" ಎಂದು ಮಾತ್ರ ಕೇಳಿದಳು. ಇಲ್ಲ ಎಂದೆ; ವಲಯದಾಚೆಗೆ ಆಯ್ದ ಆಟಗಾರ್ತಿಯರು ಹೋಗುತ್ತಿದ್ದರು, ಕಾಲೇಜು ತಂಡಗಳಲ್ಲ.

ಇನ್ನು ನಮ್ಮ ರೈಲು ವಲಯದ ಭಾಗ್ಯ ಕೇಳಿ. ಕ್ರೀಡಾಕೂಟದ ಹೊತ್ತಿಗೆ ಸರಿಯಾಗಿ, ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕಬೇಕೆಂದು ಹಾಸನದ ದಾರಿಯ ರೈಲನ್ನೇ ನಿಲ್ಲಿಸಿದರು. ರೈಲಿನ ಆಧಾರದ ಮೇಲೆ ಕಟ್ಟಿದ ವಲಯದಲ್ಲಿ ರೈಲೇ ಇಲ್ಲ. ಹೆಣ್ಣುಮಕ್ಕಳ ಖೊ ಖೊಗೆ ನಮ್ಮ ಎದುರಾಗಿ ಇದ್ದದ್ದು ಒಂದೇ ತಂಡ. ರೈಲಾದರೆ ಕಳಿಸುತ್ತಿದ್ದೆವು, ಬಸ್ಸಿನಲ್ಲಿ ಅಷ್ಟು ದೂರ ಹೆಣ್ಣುಮಕ್ಕಳನ್ನು ಕಳಿಸಲಾಗುವುದಿಲ್ಲ ಎಂದು ಆ ಕಾಲೇಜಿನವರು ಬರೆದು ಕೈತೊಳೆದುಕೊಂಡರು. ನಮ್ಮ ಹುಡುಗಿಯರು ಮೈದಾನಕ್ಕೆ ಇಳಿದರು, ಸಾಲಾಗಿ ಕೂತರು, ಎದ್ದರು. ಚಾಂಪಿಯನ್ ಆದರು.

ಪ್ರಾಂಶುಪಾಲರು ಆಟೊಗೆ ಮೈಕು ಕಟ್ಟಿಸಿ, ಕಪ್ಪು ಹಿಡಿದ ತಂಡವನ್ನು ಕಾಲೇಜಿನಿಂದ ಸಂತೆ ಮೈದಾನದವರೆಗೆ ಮೆರವಣಿಗೆ ಮಾಡಿಸಿದರು. ಕೊಬ್ಬರಿ ಮಂಡಿಯವರೊಬ್ಬರು ಹಾರ ಹಾಕಿ, "ಭೇಷ್ ಕಣವ್ವಾ. ಯಾರ್ ಮೇಲೆ ಗೆದ್ರಿ?" ಎಂದು ಕೇಳಿದರು. ಕ್ಯಾಪ್ಟನ್ ನನ್ನ ಮುಖ ನೋಡಿದಳು. ನಾನು ಕಪ್ಪಿನ ಮೇಲೆ ಕೆತ್ತಿದ ಅಕ್ಷರಗಳನ್ನು ಬಹಳ ಆಸಕ್ತಿಯಿಂದ ಓದತೊಡಗಿದೆ. ಸಂಜೆ ಅವಳು ಆ ಕಪ್ಪನ್ನು ತಂದು ನನ್ನ ಮೇಜಿನ ಕೆಳಗೆ, ಕಾಲಿಡುವ ಜಾಗದಲ್ಲಿ ಇಟ್ಟುಹೋದಳು.

ಆವತ್ತು ಡ್ರಾಯರಿನಿಂದ ಆ ಪುಸ್ತಕ ತೆಗೆದೆ. ನಾಚಿಕೆಯಿಂದ ಓದಿದೆ, ನಿಜ ಹೇಳುವುದಕ್ಕೇನು. ಒಂದು ವಾರದಲ್ಲಿ ನಿಯಮಗಳೆಲ್ಲ ಬಾಯಿಪಾಠವಾದವು. ಬೆನ್ನಟ್ಟುವವಳು ಕೂತವರ ಸಾಲಿನ ನಡುಗೆರೆಯನ್ನು ದಾಟಬಾರದು, ಮೆಟ್ಟಲೂ ಬಾರದು, ಆ ಕಡೆ ಹೋಗಬೇಕಾದರೆ ಕಂಬ ಸುತ್ತಿಯೇ ಹೋಗಬೇಕು ಎಂಬುದು ನನಗೆ ಆಗ ತಿಳಿಯಿತು. ತಪ್ಪಿ ಗೆರೆ ಮೆಟ್ಟಿ ಯಾರನ್ನಾದರೂ ಮುಟ್ಟಿದರೆ ಅದು ಔಟಲ್ಲ.

ಆಮೇಲೆ ಬೇಲೂರಿನ ಆ ಮೇಷ್ಟ್ರಿಗೆ ಒಂದು ಕಾರ್ಡು ಬರೆದೆ. ಅವರೂ ತಮ್ಮ ಬಸ್ಸು ವಲಯದಲ್ಲಿ ಗೆದ್ದಿದ್ದರು. ಮರುಟಪಾಲಿಗೇ ಉತ್ತರ ಬಂತು: ನಮ್ಮ ಮಕ್ಕಳೂ ಮಂಕಾಗಿದ್ದಾರೆ, ಬೈಯಲು ಯಾರೂ ಸಿಕ್ಕಿಲ್ಲ, ಹಳೇಬೀಡಿನಲ್ಲಿ ಸೇರೋಣ. ಒಂದು ವಲಯದವರು ಇನ್ನೊಂದು ವಲಯದವರ ಜೊತೆ ಸುಮ್ಮನೆ ಆಡಲು ಯಾವ ನಿಯಮದಲ್ಲೂ ಅವಕಾಶವಿರಲಿಲ್ಲ. ಹಾಗಾಗಿ ನಾನು ಹೊಯ್ಸಳ ಶಿಲ್ಪಕಲೆಯ ಅಧ್ಯಯನ ಪ್ರವಾಸ ಎಂದು ಅರ್ಜಿ ಬರೆದೆ. ಪ್ರಾಂಶುಪಾಲರು ಸಹಿ ಹಾಕುತ್ತ, "ಪ್ರತಿವರ್ಷ ಹೋಗ್ತೀರಲ್ಲ, ಇನ್ನೂ ಮುಗಿದಿಲ್ವಾ ಆ ಅಧ್ಯಯನ?" ಎಂದರು.

ಒಂದು ಭಾನುವಾರ ಮಧ್ಯಾಹ್ನ ಜಾವಗಲ್ ಮೇಲೆ ಹಳೇಬೀಡಿಗೆ ಹೋದೆವು. ಕೆರೆಯ ಹತ್ತಿರ ಶಾಲೆಯ ಬಯಲು. ಬೇಲೂರಿನ ಹುಡುಗಿಯರು ಆಗಲೇ ಬಂದಿದ್ದರು. ನಮ್ಮವರನ್ನು ಕಂಡದ್ದೇ "ಬಂದ್ವು ಕಣ್ರೇ ಕೊಬ್ಬರಿ ಮೂಟೆ!" ಎಂದು ಕಿರುಚಿದರು. ನಮ್ಮ ಕ್ಯಾಪ್ಟನ್ ಆ ವರ್ಷ ಅಷ್ಟು ಚೆನ್ನಾಗಿ ನಕ್ಕದ್ದನ್ನು ನಾನು ಅಲ್ಲಿಯೇ ನೋಡಿದ್ದು.

ಸುಣ್ಣದ ಪುಡಿಯಲ್ಲಿ ಅಂಕಣ ಬರೆಯಬೇಕಾಯಿತು. "ನೀವೇ ಎಳೀರಿ ಮೇಡಂ," ಎಂದರು ಬೇಲೂರಿನ ಮೇಷ್ಟ್ರು, "ಗೆರೆ ಎಳೆದು ಊರು ಬೇರೆ ಮಾಡೋದರಲ್ಲಿ ನಿಮ್ಮ ಕೈ ಪಳಗಿದೆ." ಬಾಯಿ ಮುಚ್ಚಿಕೊಂಡು ಎಳೆದೆ. ಅಂಪೈರ್ ಯಾರು ಎಂಬ ಪ್ರಶ್ನೆ ಬಂತು. ಅವರು ನಿಂತರೆ ನಮ್ಮವರು ಒಪ್ಪುವುದಿಲ್ಲ. ಅದಕ್ಕೂ ಅವರೇ ದಾರಿ ಹೇಳಿದರು. "ಮೇಡಂ ಅವರೇ ವಿಷಲ್ ಹಿಡೀಲಿ. ಅವರಿಗೆ ಆಟ ಗೊತ್ತಿಲ್ಲ, ಹಂಗಾಗಿ ಮೋಸ ಮಾಡೋಕೂ ಬರಲ್ಲ." ಎರಡೂ ಕಡೆಯವರು ಚಪ್ಪಾಳೆ ತಟ್ಟಿದರು. ನನ್ನ ಬಾಳಿನಲ್ಲಿ ಸರ್ವಾನುಮತದ ನಿರ್ಣಯಗಳೆಲ್ಲ ಹೀಗೆಯೇ ಬಂದಿವೆ.

ಆಟದ ವಿವರ ಬೇಡ. ಕೊನೆಯ ಸರದಿಯಲ್ಲಿ ನಮ್ಮವರು ಬೆನ್ನಟ್ಟುತ್ತಿದ್ದರು, ಪಾಯಿಂಟುಗಳು ಸಮ. ಇನ್ನೊಬ್ಬಳನ್ನು ಮುಟ್ಟಿದರೆ ಗೆದ್ದ ಹಾಗೆ. ಒಂದು ನಿಮಿಷವೂ ಉಳಿದಿರಲಿಲ್ಲ. ಖೊ ಸಿಕ್ಕಿ ಕ್ಯಾಪ್ಟನ್ ಎದ್ದಳು. ಬೇಲೂರಿನ ಹುಡುಗಿಯೊಬ್ಬಳು ಕೂತ ಇಬ್ಬರ ನಡುವೆ ನುಸುಳಿ ಆ ಕಡೆ ಹಾರಿದಳು. ನಮ್ಮವಳು ಮೈಯೆಲ್ಲ ಚಾಚಿ ಬಿದ್ದಳು; ಬೆರಳು ಆ ಹುಡುಗಿಯ ಹಿಮ್ಮಡಿಗೆ ತಗುಲಿತು. ನಮ್ಮವರು ಹೋ ಎಂದು ಎದ್ದರು. ಬೇಲೂರಿನವರು ತಲೆ ಮೇಲೆ ಕೈ ಹೊತ್ತರು. ಬೇಲೂರಿನ ಮೇಷ್ಟ್ರೂ ಸೋತೆವೆಂದು ಎಲೆ ಅಡಿಕೆ ಉಗುಳಿ ಬರಲು ಹೊರಟರು.

ನಾನೊಬ್ಬಳೇ ನೋಡಿದ್ದೆ. ಬೀಳುವಾಗ ಅವಳ ಎಡಗಾಲಿನ ಹೆಬ್ಬೆರಳು ನಡುಗೆರೆಯ ಸುಣ್ಣ ಮೆಟ್ಟಿತ್ತು.

ವಿಷಲ್ ಬಾಯಲ್ಲೇ ಇತ್ತು. ಫೌಲೆಂದು ಊದದಿದ್ದರೆ ಯಾರೂ ಕೇಳುತ್ತಿರಲಿಲ್ಲ, ನನಗೆ ಆಟ ಗೊತ್ತಿಲ್ಲವೆಂದು ಊರಿಗೇ ಗೊತ್ತು. ಜಿಲ್ಲೆಯ ಮೇಲೆ ಕಣ್ಣುಮುಚ್ಚಿ ಗೆರೆ ಎಳೆದ ಹೆಂಗಸಿಗೆ ಈ ಒಂದು ಹೆಬ್ಬೆರಳು ಕಾಣಬೇಕಿತ್ತೇ? ಊದಿದೆ.

ಫೌಲ್, ಗೆರೆ ಮೆಟ್ಟಿದ್ದಾಳೆ ಎಂದೆ. ಕ್ಯಾಪ್ಟನ್ ವಾದಿಸಲಿಲ್ಲ, ತನ್ನ ಕಾಲು ನೋಡಿಕೊಂಡಳು. ಅವಳು ಮತ್ತೆ ಬೆನ್ನಟ್ಟಿ ಯಾರನ್ನೂ ಮುಟ್ಟುವ ಮೊದಲೇ ಹೊತ್ತು ಮುಗಿಯಿತು. ಸಮ. ಇನ್ನೊಂದು ಸರದಿ ಆಡಿಸೋಣವೆಂದರೆ ಅರಸೀಕೆರೆಯ ಕೊನೆಯ ಬಸ್ಸು ಆಗಲೇ ಹಾರ್ನ್ ಮಾಡುತ್ತಿತ್ತು. ಬೇಲೂರಿನ ಹುಡುಗಿಯರು ನಮ್ಮವರ ಕೈ ಹಿಡಿದು ಕುಲುಕಿದರು, ಬೈದರು, ತಾವು ತಂದಿದ್ದ ಕಿತ್ತಲೆಹಣ್ಣು ಕೊಟ್ಟರು, ನನಗೂ ಒಂದು.

ಬಸ್ಸು ಹತ್ತುವ ಮೊದಲು ಅವಳು ನನ್ನೆದುರು ಬಂದು ನಿಂತಳು. ಮೊಣಕೈ ತರಚಿತ್ತು, ಎಡ ಹೆಬ್ಬೆರಳಿನ ತುದಿ ಇನ್ನೂ ಬೆಳ್ಳಗಿತ್ತು.

"ಮೇಡಂ, ಆ ರೂಲು ನಿಮ್ಗೆ ಯಾವಾಗ ಗೊತ್ತಾಯ್ತು?"

"ಪುಸ್ತಕದಲ್ಲಿತ್ತಮ್ಮ."

ಅವಳ ಮುಖದಲ್ಲಿ ಕೋಪವಿರಲಿಲ್ಲ, ನಗುವೂ ಇರಲಿಲ್ಲ.

"ನಾನೇ ಕೊಟ್ಟಿದ್ದಲ್ವಾ," ಎಂದಳು. "ಎರಡ್ ವರ್ಷ ಮುಟ್ಲಿಲ್ಲ ನೀವು ಅದ್ನ. ಇನ್ನೊಂದ್ ತಿಂಗ್ಳು ಬಿಟ್ಟಿದ್ರೆ ಏನಾಗ್ತಿತ್ತು ಮೇಡಂ?"

ಜಾವಗಲ್ ದಾಟುವವರೆಗೂ ನಾನು ಆ ಕಿತ್ತಲೆಹಣ್ಣನ್ನು ಸುಲಿಯದೆ ಕೈಯಲ್ಲೇ ಹಿಡಿದು ಕೂತಿದ್ದೆ.