ತೊಯ್ದ ಹಗ್ಗದ ಗೆರೆ

ಇದನ್ನು ಹೇಳುವುದನ್ನು ನಾನು ಬಹಳ ವರ್ಷ ಮುಂದೂಡಿದೆ. ಮೊನ್ನೆ ಬಬಲೇಶ್ವರದ ಶಾಲೆಯೊಂದರ ಮೈದಾನದಲ್ಲಿ ಬಕೆಟ್ಟಿಗೆ ಸುಣ್ಣ ಹಾಕಿ ನೀರು ಸುರಿದಾಗ ಆ ಬಿಸಿ ವಾಸನೆ ಮೂಗಿಗೆ ಬಡಿಯಿತು. ಸರ್ ಪಕ್ಕದಲ್ಲೇ ನಿಂತ ಹಾಗಾಯಿತು…

ನಾನು ಓದಿದ್ದು ಹತ್ತನೇ ತರಗತಿವರೆಗೆ. ವಿಜಯಪುರದ ಕಾಲೇಜೊಂದರಲ್ಲಿ ಮೈದಾನ ನೋಡಿಕೊಳ್ಳುವ ಜವಾನನಾಗಿದ್ದೆ. ಸರ್ ಅಲ್ಲಿ ಓಟ, ಜಿಗಿತ, ಎಸೆತ ಕಲಿಸುವ ಕೋಚ್. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅದೇ ಮಣ್ಣಿನ ಮೈದಾನದಲ್ಲಿ ನಿಂತವರು. ಹೊಸಬರು ಬಂದರೆ ಮೊದಲು ಅವರ ಪಾದ ನೋಡುತ್ತಿದ್ದರು, ಆಮೇಲೆ ಮುಖ. ನಸುಕಿನಲ್ಲಿ ಸೊಲ್ಲಾಪುರ ರಸ್ತೆಯಲ್ಲಿ ಹುಡುಗರನ್ನು ಓಡಿಸುತ್ತ ಸೈಕಲ್ ಮೇಲೆ ಹಿಂದೆ ಬರುತ್ತಿದ್ದರು. “ಲೇ, ಬೀಗರ ಮನಿಗೆ ಹೊಂಟೀರೇನು? ಕಾಲು ಎತ್ರಿ!” ಎಂಬ ಕೂಗಿಗೆ ಗ್ಯಾರೇಜಿನವರು ಎದ್ದು ಬಾಗಿಲು ತೆಗೆಯುತ್ತಿದ್ದರು. ತಿಕೋಟಾ ಕಡೆಯಿಂದ ಬರಿಗಾಲಲ್ಲಿ ಬಂದವರು ಅವರ ಕೈಯಲ್ಲಿ ಪಳಗಿ ಸೈನ್ಯ ಸೇರಿದರು, ಪೊಲೀಸರಾದರು, ಶಾಲೆಗಳಲ್ಲಿ ದೈಹಿಕ ಶಿಕ್ಷಕರಾದರು. ಅವರ ಓಟಕ್ಕೆ ಗೆರೆ ಎಳೆದವನು ನಾನು ಎಂಬ ಹೆಮ್ಮೆ ನನಗೆ ಇಂದಿಗೂ ಇದೆ.

ಗೆರೆಯ ವಿಷಯದಲ್ಲಿ ಸರ್ ಬಹಳ ಕಟ್ಟುನಿಟ್ಟು. ಮೈದಾನದ ತಿರುವು ಎಳೆಯಲು ನಡುವೆ ಗೂಟ ಹೊಡೆದು, ಅಲ್ಲಿಂದ ಉಕ್ಕಿನ ಟೇಪು ಹಿಡಿದೇ ಸುತ್ತು ಬರಬೇಕು. “ಹಗ್ಗ ನಂಬಬ್ಯಾಡ ತಮ್ಮಾ, ತೊಯ್ದ್ರ ಕುಗ್ಗತೈತಿ. ಓಡಾವ್ರ ಬೆವರಿಗೆ ಮೋಸ ಆಗಬಾರದು” ಎನ್ನುತ್ತಿದ್ದರು.

ಒಂದು ವರ್ಷ ಸುತ್ತಲಿನ ಕಾಲೇಜುಗಳ ಕ್ರೀಡಾಕೂಟ ನಮ್ಮಲ್ಲೇ ನಡೆಯಿತು. ಹಿಂದಿನ ದಿನ ಸರ್ ಹೊರಗಿನ ತಂಡಗಳ ವಸತಿಗೆ ಓಡಾಡುತ್ತಿದ್ದರು. ಟೇಪು ಹಿಡಿಯಲು ಇಬ್ಬರು ಬೇಕು. ಜೊತೆಗಾರ ಬರಲಿಲ್ಲ. ನನಗೆ ಸಂಜೆ ಅರಕೇರಿಯಲ್ಲಿ ನಂಟರ ಮದುವೆಗೆ ಹೋಗುವ ಅವಸರ. ನೇರ ಗೆರೆಗಳಿಗೆಂದು ಸುಣ್ಣದ ನೀರಲ್ಲಿ ಅದ್ದಿದ್ದ ಹಗ್ಗ ಅಲ್ಲೇ ಬಿದ್ದಿತ್ತು. ತಿರುವಿನ ಅಳತೆಗೆಂದು ಹಿಂದೆಂದೋ ಹಾಕಿದ್ದ ಗಂಟಿನ ಗುರುತು ನೋಡಿ ಅದನ್ನೇ ಗೂಟಕ್ಕೆ ಕಟ್ಟಿ ಎರಡೂ ತಿರುವು ಎಳೆದುಬಿಟ್ಟೆ. ಹೊರಡುವಾಗ ಸರ್ ಎದುರಾದರು.

“ಟೇಪ್ ಹಿಡದ ಎಳದಿ ಹೌದಿಲ್ಲೋ?”

“ಹೂಂರಿ ಸರ್.”

ಮರುದಿನ ನಮ್ಮ ತಂಡದ, ಘೋಣಸಗಿಯ ಹುಡುಗಿಯೊಬ್ಬಳು ಎಂಟುನೂರು ಮೀಟರ್ ಓಟದಲ್ಲಿ ಹಳೆಯ ದಾಖಲೆ ಮುರಿದಳು. ಸರ್ ಕಣ್ಣಲ್ಲಿ ನಾನು ನೀರು ಕಂಡಿದ್ದು ಅದೇ ಮೊದಲು. ಆದರೆ ಬೇರೆ ಕಾಲೇಜಿನ ಕೋಚ್ ಒಬ್ಬರು ಅನುಮಾನ ಬಂದು ಮೈದಾನ ಅಳೆಸಿದರು. ಒಂದು ಸುತ್ತಿಗೆ ಸುಮಾರು ಒಂಬತ್ತು ಅಡಿ ಕಡಿಮೆ. ಹಗ್ಗ ಮೊಳದಷ್ಟು ಕುಗ್ಗಿದ್ದಕ್ಕೆ ಎರಡು ತಿರುವು ಸೇರಿ ಅಷ್ಟು ಹೋಗಿತ್ತು.

“ಗೆರಿ ಯಾರು ಹಾಕಿದ್ರು?” ಎಂದು ಸಂಘಟಕರು ಕೇಳಿದರು.

ಸರ್ ಗೂಟದ ಪಕ್ಕ ಬಿದ್ದಿದ್ದ, ಸುಣ್ಣ ಒಣಗಿ ಬಿಳಿಚಿದ್ದ ಹಗ್ಗ ನೋಡಿದರು. ನನ್ನನ್ನು ನೋಡಿದರು. ನನ್ನ ನೌಕರಿ ಕಾಯಂ ಆಗುವ ಕಡತ ಆ ತಿಂಗಳು ಪ್ರಾಂಶುಪಾಲರ ಮೇಜಿನ ಮೇಲಿತ್ತು. ಅದು ಅವರಿಗೂ ಗೊತ್ತಿತ್ತು.

“ನಾನ ಹಾಕೀನ್ರಿ” ಎಂದರು.

ದಾಖಲೆ ರದ್ದಾಯಿತು. ಹುಡುಗಿ ಮೈದಾನದಲ್ಲೇ ಕೂತು ಅತ್ತಳು. ಆ ವರ್ಷ ತಂಡವನ್ನು ಹೊರಗೆ ಕರೆದೊಯ್ಯುವ ಹೊಣೆಯನ್ನು ಸರ್ ಕೈಯಿಂದ ತೆಗೆದರು. “ತನ್ನ ಹುಡುಗಿ ಗೆಲ್ಲಲಿ ಅಂತ ನೆಲಾನ ಕತ್ತರಿಸ್ಯಾನ ನೋಡ್ರಿ ಮಾಸ್ತರ” ಎಂದು ಜನ ನಕ್ಕರು. ‘ಗಿಡ್ಡ ಟ್ರ್ಯಾಕಿನ ಮಾಸ್ತರ’ ಎಂಬ ಹೆಸರು ಅಂಟಿತು. ಕ್ರೀಡಾಕೂಟ ಮುಗಿದ ಮರುದಿನ ಬೆಳಿಗ್ಗೆ ಸರ್ ಟೇಪಿನ ತುದಿ ನನ್ನ ಕೈಗೆ ಕೊಟ್ಟು “ಹಿಡಿ” ಎಂದರು, ಅಷ್ಟೇ. ಇಬ್ಬರೂ ಸೇರಿ ಹೊಸದಾಗಿ ಗೆರೆ ಎಳೆದೆವು. ನಾನು ಬಾಯಿ ತೆರೆಯಲಿಲ್ಲ. ನೌಕರಿ ಕಾಯಂ ಆಯಿತು. ಆಗಲಾದರೂ ಹೇಳಬಹುದಿತ್ತು…

ಮುಂದಿನ ವರ್ಷ ಅದೇ ಹುಡುಗಿ ಬೇರೆ ಊರಿನ ಮೈದಾನದಲ್ಲಿ ಆ ಹಳೆಯ ದಾಖಲೆಯನ್ನು ನಿಜವಾಗಿಯೇ ಮುರಿದಳು. ಸರ್ ಊರಿಗೆಲ್ಲ ಪೇಢೆ ಹಂಚಿದರು. ಆದರೂ ಅವರ ನಿವೃತ್ತಿಯ ಸಮಾರಂಭದಲ್ಲಿ ಒಬ್ಬರು ಆ ಅಡ್ಡಹೆಸರು ಹೇಳಿ ನಗಿಸಿದರು. ಸರ್ ಕೂಡ ನಕ್ಕರು. ನಾನು ಹಿಂದೆ ಚಹಾದ ತಟ್ಟೆ ಹಿಡಿದು ನಿಂತಿದ್ದೆ.

ಸರ್ ತೀರಿಹೋಗಿ ಈಗ ಎರಡು ವರ್ಷ. ಬಬಲೇಶ್ವರದಲ್ಲಿ ದೈಹಿಕ ಶಿಕ್ಷಕಿಯಾಗಿರುವ ಆ ಹುಡುಗಿಯೇ, ಈಗ ಕೂದಲು ನರೆತವಳು, ಮಕ್ಕಳ ಆಟಕ್ಕೆ ಗೆರೆ ಹಾಕಿಸಲು ಮೊನ್ನೆ ನನ್ನನ್ನು ಕರೆಸಿದ್ದಳು. ಚೀಲದಿಂದ ಸರ್ ಅವರ ಟೇಪು ತೆಗೆದಳು. ಅವರ ಮನೆಯವರು ಅವಳಿಗೇ ಕೊಟ್ಟಿದ್ದಾರೆ.

“ಕಾಕಾ, ಸರ್ ಇಡೀ ಜೀವನದಾಗ ಒಮ್ಮಿ ಅಷ್ಟ ತಪ್ಪಿದ್ರು ನೋಡ್ರಿ. ಅದೂ ನನ್ನ ಓಟದಾಗ” ಎಂದಳು.

ನನ್ನ ಕೈಯಲ್ಲಿ ಟೇಪಿನ ತುದಿ ಇತ್ತು.

“ಅವ್ವಾ, ಆ ಗೆರಿ ಹಾಕಿದಾಂವ ನಾನು. ಹಗ್ಗ ಹಿಡದ ಹಾಕಿದ್ದೆ. ಟೇಪ್ ಅಂತ ಸುಳ್ಳು ಹೇಳಿದ್ದೆ.”

ಅವಳು ಕೈಯಲ್ಲಿದ್ದ ಟೇಪನ್ನು ನೆಲಕ್ಕಿಟ್ಟಳು. ಆಮೇಲೆ ಕೇಳಿದಳು: “ಸರ್‌ಗ ಗೊತ್ತಿತ್ತೇನ್ರಿ?”

“ಗೊತ್ತಿತ್ತು.”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. “ಹಂಗಾದ್ರ ನಮ್ಮ ಸರ್ ಒಮ್ಮಿನೂ ತಪ್ಪಿಲ್ಲ” ಎಂದಳು. ನನ್ನ ಮುಖ ನೋಡದೆ ಗೂಟದ ಹತ್ತಿರ ಕೂತಳು. “ಎಳೀರಿ ಕಾಕಾ, ಬಿಗಿಯಾಗಿ.”

ಎಳೆದೆ. ಗೆರೆ ಸರಿಯಾಗಿ ಬಂತು. ಅವರ ಶಿಷ್ಯರೆಲ್ಲರಿಗೂ ತಿಳಿಯಲೆಂದು ಇದನ್ನು ಬರೆದಿದ್ದೇನೆ. ಅವಳಿಗೆ ಹೇಳಿದೆ, ನಿಮಗೆ ಹೇಳಿದೆ. ತಪ್ಪಾಯಿತು ಎಂದು ನಾನು ಒಮ್ಮೆಯೂ ಹೇಳದೆ ಉಳಿದದ್ದು ಒಬ್ಬರಿಗೆ ಮಾತ್ರ… ನನ್ನ ಕೋಚ್ ಸರ್‌ಗೆ.