ಅಮ್ಮನ ಕೈ ಬೆಚ್ಚಗಾಗುವವರೆಗೆ

ನನ್ನ ಮಗಳು ಶಾಲೆಗೆ ಸೇರಿದ ವರ್ಷ. ಭಟ್ಕಳದ ಹತ್ತಿರದ ಹೆಬಳೆಯ ನಮ್ಮ ಮನೆಯ ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ಅಮ್ಮನ ಕೈಯಿಂದ ಮೊಗ್ಗುಗಳು ಉದುರತೊಡಗಿದವು. ಬೆರಳಿಗೆ ಜೋಮು. ಕಣ್ಣು ಮುಚ್ಚಿಯೂ ಗಂಟು ಹಾಕುತ್ತಿದ್ದವಳಿಗೆ ಬಾಳೆನಾರು ಹಿಡಿಯುವುದೂ ಕಷ್ಟವಾಯಿತು. ಅಪ್ಪ ಹೋದ ಮೇಲೆ ಆ ಮಾಲೆಗಳಿಂದಲೇ ಅವಳು ನನ್ನನ್ನು ಸಾಕಿದ್ದು.

ಭಟ್ಕಳದ ಡಾಕ್ಟರು ನರದ ಪರೀಕ್ಷೆ ಬರೆದುಕೊಟ್ಟರು. ಬಟ್ಟೆ ಅಂಗಡಿಯ ಕೆಲಸಕ್ಕೆ ರಜೆ ಹಾಕಿ, ಅಮ್ಮನನ್ನು ಬಸ್ಸಿನಲ್ಲಿ ಕುಮಟಾದ ಒಂದು ಆಸ್ಪತ್ರೆಗೆ ಕರೆದೊಯ್ದೆ. ಹೊರಗೆ ಸುಡುವ ಸೆಕೆ. ಒಳಗೆ ಎಸಿಯಲ್ಲಿ ಎರಡು ತಾಸು ಕಾದೆವು. ಅಮ್ಮ ಸೆರಗು ಹೊದ್ದು ಮುದುಡಿ ಕೂತಿದ್ದಳು.

"ಚಳಿ ಆತದ್ಯಾ?" ಎಂದು ಕೇಳಿದೆ.

"ಎಂತ ಇಲ್ಲ" ಅಂದಳು.

ಪರೀಕ್ಷೆ ಮಾಡಿದವರು ಐವತ್ತು ದಾಟಿದ ಒಬ್ಬ ಹೆಂಗಸು. ಅಮ್ಮನ ಕೈಗೆ ತಂತಿ ಅಂಟಿಸಿ, ಚೂರುಚೂರೇ ಕರೆಂಟು ಕೊಟ್ಟು, ನರದಲ್ಲಿ ಅದು ಎಷ್ಟು ಬೇಗ ಸಾಗುತ್ತದೆಂದು ಅಳೆದರು. ನೋಡುತ್ತ ನೋಡುತ್ತ ಅವರ ಮುಖ ಸಣ್ಣದಾಯಿತು.

"ಎರಡೂ ಕೈಯ ಎಲ್ಲಾ ನರಗಳೂ ನಿಧಾನ ತೋರಿಸ್ತಾ ಇವೆ. ಮಣಿಪಾಲದ ಕಡೆ ದೊಡ್ಡ ಆಸ್ಪತ್ರೆಗೆ ಹೋಗ್ಬೇಕಾಗ್ಬಹುದು" ಅಂದರು.

ಅಮ್ಮ ಮೆಲ್ಲಗೆ ಕೇಳಿದಳು: "ಹಂಗಾರೆ ಇನ್ನು ಹೂ ಕಟ್ಟೂಕೆ ಆಗೂದಿಲ್ವ?"

ಅವರು ತಂತಿ ಬಿಚ್ಚಲು ಕೈಹಾಕಿದರು. ಅಮ್ಮನ ಅಂಗೈ ಹಿಡಿದವರು ಅಲ್ಲೇ ನಿಂತರು.

"ಅಯ್ಯೋ! ಐಸಿನಲ್ಲಿಟ್ಟ ಮೀನಿನ ಹಂಗೆ ತಣ್ಣಗಿದ್ಯಲ್ಲ ಅಮ್ಮ! ಕೈ ತಣ್ಣಗಿದ್ರೆ ನರ ನಿಧಾನ ಆಗ್ತದೆ. ಮೊದ್ಲೇ ನೋಡ್ಬೇಕಿತ್ತು, ನನ್ನದೇ ತಪ್ಪು."

ಎಸಿ ಆರಿಸಿ, ಕಿಟಕಿ ತೆರೆದು, ನನ್ನತ್ತ ತಿರುಗಿದರು. "ತಮ್ಮಾ, ಬಿಸಿನೀರು ತರ್ತೆ. ಅಲ್ಲೀವರೆಗೆ ಅಮ್ಮನ ಕೈ ಗಟ್ಟಿ ಹಿಡ್ಕೊ."

ನನಗೆ ಆಗ ಮೂವತ್ತೈದು. ಅಮ್ಮನ ಕೈ ಹಿಡಿದು ಯಾವ ಕಾಲವಾಗಿತ್ತೋ! ನಾಚಿಕೆಯಿಂದಲೇ ಎರಡೂ ಕೈಗಳನ್ನು ಅಂಗೈಯೊಳಗೆ ತೆಗೆದುಕೊಂಡೆ. ತೋರುಬೆರಳ ತುದಿಯಲ್ಲಿ ನಾರು ಎಳೆದೆಳೆದು ಆದ ಗೆರೆಯೊಂದಿತ್ತು. ಅಷ್ಟು ವರ್ಷ ಜೊತೆಗಿದ್ದೂ ಅದನ್ನು ನಾನು ಕಂಡಿರಲಿಲ್ಲ. ಅಮ್ಮ ನಗುತ್ತ, "ಸಣ್ಣಿರುವಾಗ ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರೂಕೆ ಬಿಡ್ತಿರ್ಲಿಲ್ಲ ನೀನು. ಈ ಕೈ ಹಿಡ್ಕಂಡೇ ನಿಂತಿರ್ತಿದ್ದೆ" ಅಂದಳು. ಬಿಸಿನೀರು ಬಂದ ಮೇಲೂ ನಾನು ಬಿಡಲಿಲ್ಲ. ಬೋಗುಣಿಯಲ್ಲಿ ನಾಲ್ಕು ಕೈಗಳೂ ಮುಳುಗಿದವು.

ಮತ್ತೆ ಅಳೆದಾಗ ಉಳಿದ ನರಗಳೆಲ್ಲ ಸರಿಯಿದ್ದವು. ಬಲಗೈ ಮಣಿಕಟ್ಟಿನಲ್ಲಿ ಒಂದೇ ಒಂದು ನರ ಒತ್ತಿಕೊಂಡಿತ್ತು. "ಆತು, ಹೆದರ್ಬೇಡಿ. ಇದು ಗುಣ ಆಗೂದೇ" ಎಂದು ಆ ಹೆಂಗಸು ಅಮ್ಮನ ಬೆನ್ನು ತಟ್ಟಿದರು. ಸಣ್ಣದೊಂದು ಆಪರೇಷನ್ ಆಯಿತು. ಮಳೆಗಾಲ ಮುಗಿಯುವುದರೊಳಗೆ ಅಮ್ಮ ಮತ್ತೆ ಮಲ್ಲಿಗೆ ಕಟ್ಟಿದಳು.

ಅವಳು ತೀರಿಕೊಂಡು ಎರಡು ವರ್ಷವಾಯಿತು. ಮುಖ ನೋಡಲು ಫೋಟೋಗಳಿವೆ, ದನಿ ಕೇಳಲು ಮೊಬೈಲಿನಲ್ಲಿ ಒಂದೆರಡು ತುಣುಕುಗಳಿವೆ. ಆದರೆ ಅವಳ ಕೈಗಳು ಹೇಗಿದ್ದವೆಂದು ನನಗೆ ಗೊತ್ತಿರುವುದು ಕುಮಟಾದ ಆ ಕಾಲು ಗಂಟೆಯಿಂದ ಮಾತ್ರ. ಅವತ್ತು ಆ ಕೋಣೆ ಬೆಚ್ಚಗಿದ್ದಿದ್ದರೆ ಅದೂ ನನಗೆ ಸಿಗುತ್ತಿರಲಿಲ್ಲ.