ಟ್ಯಾಂಕರ್ ಏರಿದ ಕೊಕ್ಕರೆ

ಸಿಂಗಸಂದ್ರದ ಮರೆಪ್ಪನಿಗೆ ಕಲೆ ರಕ್ತದಲ್ಲೇ ಬಂದದ್ದು. ರಕ್ತದಲ್ಲಿ ಒಂದಿಷ್ಟು ಸುಣ್ಣವೂ ಬೆರೆತಿತ್ತು. ಅಪ್ಪ ಊರ ಮನೆಗಳಿಗೆ ಸುಣ್ಣ ಹೊಡೆಯುವವರು. ಅವರು ಬೆಳ್ಳಗೆ ಮಾಡಿಟ್ಟ ಗೋಡೆಯ ಮೇಲೆ ಮಗ ಇದ್ದಿಲಿನಲ್ಲಿ ಕಪ್ಪೆ, ಓತಿಕ್ಯಾತ, ಬೇಲಿಯ ಬಳ್ಳಿ ಬರೆದು ಅಪ್ಪನಿಗೆ ಮತ್ತೆ ಕೆಲಸ ಒದಗಿಸುತ್ತಿದ್ದ. ಬೈಗುಳ ತಿಂದಷ್ಟೂ ಕಲಾವಿದ ದೊಡ್ಡವನಾಗುವುದು ನಿಜವಾದರೆ, ಇಡೀ ತಾಲ್ಲೂಕಿನಲ್ಲಿ ಮರೆಪ್ಪನಿಗೆ ಸರಿಸಾಟಿ ಇರಲಿಲ್ಲ.

ಮುಂದೆ ಅವನು ಬೊಮ್ಮಸಂದ್ರದ ಕಾರ್ಖಾನೆಗಳಿಗೆ ‘ಅಪಾಯ’ದ ಬೋರ್ಡು ಬರೆದ. ಅವನ ತಲೆಬುರುಡೆಗಳು ಎಷ್ಟು ಗೆಲುವಾಗಿ ನಗುತ್ತಿದ್ದವೆಂದರೆ, ಕಾರ್ಮಿಕರು ಟ್ರಾನ್ಸ್‌ಫಾರ್ಮರ್ ಪಕ್ಕವೇ ಬುತ್ತಿ ಬಿಚ್ಚುತ್ತಿದ್ದರು. ಬೆಳಗಾದರೆ ಮಾತ್ರ ಅವನು ಕೆರೆ ಏರಿಯ ಮೇಲೆ, ಹಕ್ಕಿ ನೋಡುತ್ತ. ಕಣ್ಣು ಕಾಣದ್ದನ್ನು ಕುಂಚ ಮುಟ್ಟಬಾರದು ಎಂಬುದು ಅವನ ವ್ರತ. ಬುರುಡೆಗಳಿಗಷ್ಟೇ ವಿನಾಯಿತಿ.

ತೊಂಬತ್ತಾರರಲ್ಲಿ ಊರ ಯಜಮಾನರು ವೆಂಕಟರಮಣಪ್ಪನವರು ಹೊಲವನ್ನೆಲ್ಲ ಬಾಡಿಗೆ ಮನೆ ಮಾಡಿ, ಉಳಿದ ಮೂಲೆಯ ಬೋರ್‌ವೆಲ್ ನಂಬಿ ನೀರಿನ ಟ್ಯಾಂಕರ್ ಕೊಂಡರು. ಅಷ್ಟು ದೊಡ್ಡ, ಅಷ್ಟು ದುಂಡನೆಯ ಜಾಗ ಮರೆಪ್ಪನ ಕುಂಚಕ್ಕೆ ಹಿಂದೆಂದೂ ಸಿಕ್ಕಿರಲಿಲ್ಲ.

“ಎಲ್ಡೂ ಪಕ್ಕ ಕಮಲ, ರಾಜಹಂಸ ಬರಿಯೋ,” ಎಂದರು ಯಜಮಾನರು.

“ಹಂಸ ನಾನು ನೋಡಿಲ್ಲಣ್ಣ.”

“ನಾನೇನು ಅದನ್ನ ಮದ್ವೆ ಆಗಿದ್ದೀನಾ? ಬರಿ!”

ಮರೆಪ್ಪ ಶೆಡ್ಡಿನ ಬಾಗಿಲು ಹಾಕಿಕೊಂಡ. ತೆರೆದಾಗ ಟ್ಯಾಂಕಿನ ಎಡಮಗ್ಗುಲಲ್ಲಿ, ಜೊಂಡಿನ ನಡುವೆ, ಕುತ್ತಿಗೆ ಮಡಚಿ ಕೂತಿತ್ತು ಒಂದು ಕೊಕ್ಕರೆ. ಒಣ ಕೆಸರಿನ ಬಣ್ಣ. ಯಜಮಾನರ ಮುಖ ರೆಡ್ ಆಕ್ಸೈಡ್ ಬಣ್ಣಕ್ಕೆ ತಿರುಗಿತು.

“ಥೂ! ಕುಡಿಯೋ ನೀರಿನ ಮ್ಯಾಲೆ ಕೆಸರುಮುಕ್ಕ ಕೊಕ್ಕರೆನಾ? ಸಂಜೆಯೊಳ್ಗೆ ಅಳಿಸ್ದೆ ಇದ್ರೆ ಈ ಊರ್ನಾಗೆ ಇನ್ನೊಂದು ಗೋಡೆ ನಿಂಗೆ ಸಿಗಾಕಿಲ್ಲ!”

“ಆ ಕಡೆ ಒಸಿ ನೋಡಣ್ಣ...”

“ಇನ್ನೊಂದು ಕೊಕ್ಕರೆ ನೋಡಾಕಾ?”

ಸಿಟ್ಟು ಬಂದ ಯಜಮಾನರು ಟ್ಯಾಂಕರ್‌ಗೆ ಪ್ರದಕ್ಷಿಣೆ ಹಾಕುವುದುಂಟೇ? ನೆಟ್ಟಗೆ ಹೋಗಿ ಡ್ರೈವರ್ ನಂದೀಶನ ಪಕ್ಕ ಕೂತರು. ಮೊದಲ ಲೋಡನ್ನು ಹೊಸ ಬಡಾವಣೆಗೆ ಮಾತು ಕೊಟ್ಟಾಗಿತ್ತು. ಅಲ್ಲಿ ನೀರಿಳಿಸಿದ ಕೂಡಲೇ ಅಳಿಸಬೇಕಲ್ಲ, ಮರೆಪ್ಪ ಟರ್ಪೆಂಟೈನ್ ಡಬ್ಬಿ, ಹಳೇ ಬಟ್ಟೆ ಹಿಡಿದು ಹಿಂದೆ ಜೋತುಬಿದ್ದ. ಸೇನಾಪತಿಯೇ ಶರಣಾಗತಿಯ ಬಾವುಟ ಹೊತ್ತು ಯುದ್ಧಕ್ಕೆ ಹೊರಟಂತಿತ್ತು.

ಬಡಾವಣೆಯ ಬೀದಿಯ ಎಡಕ್ಕೆ ಹೆಂಗಸರು ಕೊಡ ಹಿಡಿದು ನಿಂತಿದ್ದರು. ಮಂಕು ಹಕ್ಕಿ ಅವರೆದುರು ಹಾದುಹೋಯಿತು. ಅವರು ಅದನ್ನೊಮ್ಮೆ ನೋಡಿ ಕೊಡ ಮುಂದಕ್ಕೆ ಸರಿಸಿದರು. ಬೀದಿಯ ಕೊನೆಯಲ್ಲಿ ನಂದೀಶ ಗಾಡಿ ತಿರುಗಿಸಿಕೊಂಡು ಬಂದ. ಈಗ ಬಲಮಗ್ಗುಲು. ಅದೇ ಜೊಂಡು, ಅದೇ ನೀರು. ಹಕ್ಕಿ ಮಾತ್ರ ರೆಕ್ಕೆ ಬಿಚ್ಚಿ ಮೇಲೆದ್ದಿತ್ತು, ಹಾಲಿನಷ್ಟು ಬೆಳ್ಳಗೆ. ನಮ್ಮ ಕೆರೆಯ ಕೊಕ್ಕರೆಯ ಗುಟ್ಟೇ ಅದು: ಕೂತರೆ ಕೆಸರು, ಹಾರಿದರೆ ಬೆಳಕು.

“ಅಯ್ಯ ಶಿವನ! ಹಾರೇಬಿಡ್ತಲ್ರೀ!” ಎಂದು ಕೂಗಿದರು ಧಾರವಾಡದ ಕಡೆಯಿಂದ ಬಂದು ನೆಲೆಸಿದ್ದ ಮಹಾದೇವಿ. ಬೀದಿಯೇ ಚಪ್ಪಾಳೆ ತಟ್ಟಿತು.

ಯಜಮಾನರು ಕೆಳಗಿಳಿದರು. ಕೊನೆಗೂ ಪ್ರದಕ್ಷಿಣೆ ಆಯಿತು, ಒಂದಲ್ಲ, ಎರಡು.

ಮರೆಪ್ಪ ಡಬ್ಬಿಯ ಮುಚ್ಚಳ ತೆಗೆದ. “ಅಳಿಸ್ಲಾ ಅಣ್ಣ?”

“ಮುಟ್ಟಿದ್ರೆ ಕೈ ಮುರೀತೀನಿ ನನ್ಮಗನೆ!” ಯಜಮಾನರು ಮೀಸೆ ನೇವರಿಸಿಕೊಂಡರು. “ಲೇ ನಂದೀಶ, ಇನ್ನೊಂದ್ ಸಲ ತಿರುಗ್ಸೋ. ಆ ಕೊನೆ ಮನೆಯವ್ರು ನೋಡಿಲ್ಲ.”

“ಮೊದಲ ನೀರ್ ಬಿಡ್ರೀ ಯಪ್ಪಾ!” ಮಹಾದೇವಿ ಕೊಡ ಬಡಿದರು.

ಯಾರು ಕೇಳುತ್ತಾರೆ? ಟ್ಯಾಂಕರ್ ಮತ್ತೆ ಹೊರಟಿತ್ತು. ಹಿಂದೆ ನಿಂತ ಮರೆಪ್ಪ ಎದೆ ಸೆಟೆಸಿ ಎರಡೂ ಬದಿಗೆ ಕೈ ಬೀಸುತ್ತಿದ್ದ.